ಆತ್ಮನ ಸ್ಥಾನದಲ್ಲಿ ಹೆಣ್ಣು

೧

ಜೇಡರ ದಾಸಿಮಯ್ಯನ ವಚನಗಳಲ್ಲಿ ಒಂದು ಕನ್ನಡ ಉಪಾಧ್ಯಾಯರೆಲ್ಲರಿಗೂ ಚಿರಪರಿಚಿತವಾದುದು. ಮೈಯ ಮೇಲೆ ತೋರುವ ಕೆಲವು ಗುರುತುಗಳನ್ನು ಕಂಡು ಲೋಕವು ಒಬ್ಬರನ್ನು ಹೆಣ್ಣೆಂದೂ ಮತ್ತೊಬ್ಬರನ್ನು ಗಂಡೆಂದೂ ಕರೆಯುತ್ತದೆ; ಆ ಗುರುತುಗಳ ನಡುವೆ ಸುಳಿಯುವ ಆತ್ಮಕ್ಕಾದರೋ ಈ ಎರಡು ಹೆಸರುಗಳಲ್ಲಿ ಯಾವುದೂ ಸಲ್ಲದು ಎಂಬುದು ಅದರ ತಾತ್ಪರ್ಯ. ಮುದನೂರಿನ ಈ ನೇಕಾರ ಶರಣನು ತನ್ನ ರಾಮನಾಥನನ್ನು ಸಾಕ್ಷಿಗೆ ಕರೆದು ಆಡಿದ ಈ ಮಾತು ನಮ್ಮ ಭಾಷಣಗಳಲ್ಲಿ, ಪ್ರಬಂಧಗಳಲ್ಲಿ, ತರಗತಿಯ ಪಾಠಗಳಲ್ಲಿ ಎಷ್ಟು ಬಾರಿ ಬಂದಿದೆಯೋ ಲೆಕ್ಕವಿಲ್ಲ.

ಇದೇ ವಿಚಾರವನ್ನು ಧೂಪದ ಗೊಗ್ಗವ್ವೆಯೂ ಎತ್ತಿಕೊಂಡಿದ್ದಾಳೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ನಾಸ್ತಿನಾಥ ಎಂಬುದು ಆಕೆಯ ಅಂಕಿತ. ಮೊದಲ ಭಾಗದಲ್ಲಿ ಇಬ್ಬರ ಮಾತೂ ಬಹುಮಟ್ಟಿಗೆ ಒಂದೇ. ಭೇದವಿರುವುದು ಮುಕ್ತಾಯದಲ್ಲಿ. ದಾಸಿಮಯ್ಯನು ತೀರ್ಪು ಕೊಡುವ ಕಡೆಯಲ್ಲಿ ಗೊಗ್ಗವ್ವೆಯು ಪ್ರಶ್ನೆ ಕೇಳುತ್ತಾಳೆ. ಆತನು ಆತ್ಮನೆಂದ ಎಡೆಯಲ್ಲಿ ಈಕೆ ಅರಿವನ್ನು ತಂದು ನಿಲ್ಲಿಸಿ, ಎರಡನ್ನೂ ಬಲ್ಲ ಆ ಅರಿವಿಗೆ ನೀನು ಯಾವ ಹೆಸರನ್ನಿಡುವೆ ಎಂದು ದೇವರನ್ನೇ ಕೇಳಿ ಸುಮ್ಮನಾಗುತ್ತಾಳೆ. ತೀರ್ಪು ಹೇಳಿದವನು ಪುರುಷ, ಪ್ರಶ್ನೆಯನ್ನು ತೆರೆದಿಟ್ಟವಳು ಸ್ತ್ರೀ ಎಂಬುದನ್ನು ಗಮನಿಸಿ ಮುಂದೆ ಹೋಗಬಹುದು.

ನಮ್ಮ ಕಾಲದಲ್ಲಿ ಈ ಪರಂಪರೆಗೆ ಮೂರನೆಯ ಪಾಠವೊಂದು ಸೇರಿದೆ. ಅದು ವಚನವಲ್ಲ, ಒಂದು ಪುಸ್ತಕದ ಹೆಸರು. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿ, ಮರಿಯಮ್ಮನಹಳ್ಳಿಯ ಜೋಗತಿ ಮೇಳದಲ್ಲಿ ಬೆಳೆದು, ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಮಂಜಮ್ಮ ಜೋಗತಿಯವರ ಆತ್ಮಕಥೆ ಅದು. ಅವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿಯವರು ಬರೆಹಕ್ಕಿಳಿಸಿದ್ದಾರೆ. ಅದರ ಹೆಸರು 'ನಡುವೆ ಸುಳಿವ ಹೆಣ್ಣು'. ದಾಸಿಮಯ್ಯನನ್ನು ಓದಿದವರಿಗೆ ಈ ಹೆಸರಿನ ಮೊದಲೆರಡು ಪದಗಳು ಎಲ್ಲಿಂದ ಬಂದವೆಂದು ಹೇಳಬೇಕಾಗಿಲ್ಲ. ಹೇಳಬೇಕಾಗಿರುವುದು ಮೂರನೆಯ ಪದವನ್ನು ಕುರಿತು. ಶರಣನು ಆತ್ಮನನ್ನಿಟ್ಟ ಸ್ಥಾನದಲ್ಲಿ ಈ ಪುಸ್ತಕ ಹೆಣ್ಣನ್ನು ಇಟ್ಟಿದೆ. ಒಂದೇ ಪದದ ವ್ಯತ್ಯಾಸ. ಆದರೆ ಅದು ಅಲಂಕಾರಕ್ಕಾಗಿ ಮಾಡಿದ ವ್ಯತ್ಯಾಸವಲ್ಲ. ಹಳೆಯ ವಚನದೊಡನೆ ಹೂಡಿದ ಗಂಭೀರವಾದ ಭಿನ್ನಾಭಿಪ್ರಾಯ ಅದರಲ್ಲಿದೆಯೆಂಬುದೂ, ಆ ಅಭಿಪ್ರಾಯವನ್ನು ಅರಿಯಬೇಕಾದರೆ ಜೋಗತಿಯ ಭಕ್ತಿಯನ್ನು ಒಂದು ಕೃತಿಯನ್ನು ಓದುವಂತೆ ಓದಬೇಕೆಂಬುದೂ ಈ ಲೇಖನದ ಪ್ರತಿಪಾದನೆ.

೨

ಭಕ್ತನು ತನ್ನನ್ನು ಹೆಣ್ಣೆಂದು ಭಾವಿಸಿಕೊಳ್ಳುವುದು ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ಶರಣಸತಿ ಲಿಂಗಪತಿ ಎಂಬ ಭಾವ ವಚನಸಾಹಿತ್ಯದ ಉದ್ದಕ್ಕೂ ಹರಿದಿದೆ. ಉರಿಲಿಂಗದೇವನಂಥವರಲ್ಲಿ ಅದು ಸಾಧನೆಯ ಮುಖ್ಯಮಾರ್ಗವೇ ಆಗಿದೆ. ಗಂಡಿನ ದೇಹದಲ್ಲಿದ್ದುಕೊಂಡು ವಿರಹಿಣಿಯ ಮಾತಾಡುವುದು, ಒಡೆಯನಿಗಾಗಿ ಸಿಂಗರಿಸಿಕೊಳ್ಳುವುದು, ಅವನ ಬರವನ್ನು ಕಾಯುವುದು: ಇವೆಲ್ಲವನ್ನೂ ನಮ್ಮ ವಿಮರ್ಶಕರು ಮಧುರಭಾವವೆಂದು ಮೆಚ್ಚಿದ್ದಾರೆ. ಮೆಚ್ಚತಕ್ಕದ್ದೇ ಸರಿ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಈ ಭಾವದಲ್ಲಿ ಹೆಣ್ತನವು ಉಪಮಾನ, ಭಕ್ತಿಯು ಉಪಮೇಯ. ಉಪಮಾನದ ಕೆಲಸ ಮುಗಿದೊಡನೆ ಅದನ್ನು ಕೆಳಗಿಡಬಹುದು. ವಚನವನ್ನು ಹಾಡಿ ಮುಗಿಸಿದ ಶರಣನು ಮನೆಗೆ ಹೋದರೆ ಅವನು ಮನೆಯ ಯಜಮಾನನೇ. ಅವನ ಉಡುಗೆಯನ್ನು ಕಂಡು ಬೀದಿಯ ಹುಡುಗರು ಕಲ್ಲೆಸೆಯುವುದಿಲ್ಲ. ಭಾವದಲ್ಲಿ ಹೆಣ್ಣಾಗಿ ಬಾಳಿನಲ್ಲಿ ಗಂಡಾಗಿರುವ ಸೌಕರ್ಯ ಅವನಿಗುಂಟು. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ರೂಪಕದ ಸ್ವಭಾವವೇ ಅಂಥದು.

ಜೋಗಪ್ಪನೆಂದು ಲೋಕವು ಕರೆಯುವ ವ್ಯಕ್ತಿಗೆ ಈ ಹಿಂತಿರುಗುವ ದಾರಿ ಇಲ್ಲ. ಗಂಡಾಗಿ ಹುಟ್ಟಿ, ತನ್ನೊಳಗಿನ ಹೆಣ್ತನವನ್ನು ಎಲ್ಲಮ್ಮನ ಅಥವಾ ಹುಲಿಗೆಮ್ಮನ ಕರೆಯೆಂದು ಅರಿತು, ಸೀರೆಯುಟ್ಟು ಮುತ್ತು ಕಟ್ಟಿಸಿಕೊಂಡವರು ಇವರು. ಹೆಸರಿನಲ್ಲಿಯೇ ಒಂದು ವಿರೋಧಾಭಾಸವಿದೆ: ಸೀರೆ, ಕುಂಕುಮ, ಬಳೆಗಳನ್ನು ಧರಿಸಿದವರನ್ನು ನಾವು 'ಅಪ್ಪ' ಎಂಬ ಪ್ರತ್ಯಯದಿಂದ ಕರೆಯುತ್ತೇವೆ. ಮಂಜಮ್ಮನವರು ತಮ್ಮನ್ನು ಜೋಗತಿ ಎಂದು ಕರೆದುಕೊಂಡರು. ಕರೆಯುವವರ ಪ್ರತ್ಯಯ ಬೇರೆ, ಕರೆಸಿಕೊಳ್ಳುವವರ ಪ್ರತ್ಯಯ ಬೇರೆ ಎಂಬ ಈ ಸಂಗತಿಯೊಂದೇ ಸಾಕು, ಶರಣಸತಿಯ ಭಾವಕ್ಕೂ ಜೋಗತಿಯ ಬಾಳಿಗೂ ಇರುವ ದೂರವನ್ನು ತೋರಿಸಲು. ಅಲ್ಲಿ ಹೆಣ್ತನವು ಭಕ್ತಿಗೆ ಉಪಮಾನವಾಗಿತ್ತು. ಇಲ್ಲಿ ಹೆಣ್ತನವು ಬಾಳಿನ ವಸ್ತುಸ್ಥಿತಿ. ಭಕ್ತಿಯು ಅದನ್ನು ಲೋಕದ ಮುಂದೆ ಹೇಳಿಕೊಳ್ಳಲು ದೊರೆತ ಭಾಷೆ.

೩

ಆ ಭಾಷೆಯ ವ್ಯಾಕರಣವನ್ನು ಸ್ವಲ್ಪ ನೋಡೋಣ. ಸವದತ್ತಿಯ ಗುಡ್ಡವನ್ನು ಕಂಡವರಿಗೆ, ಜತ್ತಿನ ಎಲ್ಲಮ್ಮನ ಜಾತ್ರೆಯನ್ನು ಕಂಡವರಿಗೆ, ತುಂಗಭದ್ರೆಯ ದಡದ ಹುಲಿಗಿಗೆ ಹೋಗಿಬಂದವರಿಗೆ ಇದರಲ್ಲಿ ಬಹುಭಾಗ ತಿಳಿದದ್ದೇ. ಈ ದೇವತೆಯ ಒಕ್ಕಲಿಗೆ ಭಾಷೆಯ ಗಡಿಯಿಲ್ಲ, ರಾಜ್ಯದ ಗಡಿಯೂ ಇಲ್ಲ. 'ಉಧೋ ಉಧೋ' ಎಂಬ ಘೋಷ ಕನ್ನಡಿಗರ ಬಾಯಲ್ಲಿಯೂ ಮರಾಠಿಗರ ಬಾಯಲ್ಲಿಯೂ ಒಂದೇ ಆಗಿದೆ.

ಮುತ್ತು ಕಟ್ಟುವುದು ಮೊದಲ ವಿಧಿ. ಉಡಿದಾರವನ್ನು ತೆಗೆದು, ಸೀರೆ ಉಡಿಸಿ, ಬಳೆ ತೊಡಿಸಿ, ಕೆಂಪು ಬಿಳಿಯ ಮಣಿಗಳ ಸರವನ್ನು ಕೊರಳಿಗೆ ಕಟ್ಟುತ್ತಾರೆ; ಬಂಡಾರವನ್ನು ಹಚ್ಚುತ್ತಾರೆ. ಹಿಜಡಾ ಸಂಪ್ರದಾಯದಲ್ಲಿ ನಿರ್ವಾಣವೆಂದು ಕರೆಯಲಾಗುವ ಶಸ್ತ್ರಕ್ರಿಯೆ ಜೋಗಪ್ಪಗಳ ಪರಂಪರೆಯಲ್ಲಿ ಕಡ್ಡಾಯವಲ್ಲವೆಂಬುದು ವಿಚಾರಾರ್ಹವಾದ ಸಂಗತಿ. ಇಲ್ಲಿ ದೇಹವು ಬದಲಾಗಬೇಕಾಗಿಲ್ಲ. ದೇಹದ ಮೇಲೆ ಯಾರ ಗುರುತಿದೆಯೆಂಬುದು ಬದಲಾಗಬೇಕು. ದಾಸಿಮಯ್ಯನ ವಚನದಲ್ಲಿ ಲೋಕವು ಓದುತ್ತಿದ್ದದ್ದು ಹುಟ್ಟಿನ ಗುರುತುಗಳನ್ನು. ಮುತ್ತು ಕಟ್ಟಿದ ಮೇಲೆ ಲೋಕವು ದೇವಿಯ ಗುರುತುಗಳನ್ನು ಓದಬೇಕಾಗುತ್ತದೆ. ಗಡ್ಡದ ನೆರಳು ಮುಖದಲ್ಲಿದ್ದರೂ ಕೊರಳಿನ ಸರ ಅದಕ್ಕಿಂತ ಗಟ್ಟಿಯಾಗಿ ಮಾತಾಡುತ್ತದೆ. ಹೊರಗುರುತನ್ನು ಹುಸಿಯೆಂದು ತಳ್ಳಿಹಾಕುವುದು ಶರಣನ ಮಾರ್ಗವಾದರೆ, ಒಂದು ಹೊರಗುರುತಿಗೆ ಪ್ರತಿಯಾಗಿ ಇನ್ನೊಂದನ್ನು ನಿಲ್ಲಿಸುವುದು ಜೋಗತಿಯ ಮಾರ್ಗ.

ಎರಡನೆಯದು ಹೊರುವುದು. ದೇವಿಯ ಮೂರ್ತಿಯುಳ್ಳ ಜಗವನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗುವುದು. ಮಂಗಳವಾರ ಶುಕ್ರವಾರಗಳಲ್ಲಿ ಪಡ್ಡಲಿಗೆಯನ್ನು ಹಿಡಿದು ಐದು ಮನೆಗಳ ಜೋಗವನ್ನು ಬೇಡುವುದು. ಚೌಡಿಕೆಯ ಒಂಟಿ ತಂತಿಯ ನಾದಕ್ಕೆ ಹಾಡುವುದು. ನೆತ್ತಿಯ ಮೇಲೆ ಕೊಡವನ್ನಿಟ್ಟು ಕೈ ಸೋಕಿಸದೆ ಕುಣಿಯುವುದು. ಈ ಕೊಡದ ಕುಣಿತವನ್ನು ಕೌಶಲವೆಂದು ಮಾತ್ರ ನೋಡಿದರೆ ಅರ್ಧವನ್ನಷ್ಟೇ ನೋಡಿದಂತೆ. ರೇಣುಕೆಯು ಪ್ರತಿದಿನ ಮರಳಿನಲ್ಲಿ ಕೊಡವನ್ನು ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ, ನೀರು ತರುತ್ತಿದ್ದಳೆಂಬುದು ಕಥೆ. ಆ ಕೊಡ ಒಡೆದ ದಿನ ಅವಳ ಬಾಳೂ ಒಡೆಯಿತು. ಜೋಗತಿಯ ತಲೆಯ ಮೇಲೆ ಬೀಳದೆ ನಿಲ್ಲುವ ಕೊಡ ಅದೇ ಕೊಡ. ಅದು ಬೀಳಬಾರದೆಂಬ ಎಚ್ಚರ ನರ್ತಕಿಯ ಎಚ್ಚರವಷ್ಟೇ ಅಲ್ಲ, ರೇಣುಕೆಯ ಎಚ್ಚರವೂ ಹೌದು.

ಮೂರನೆಯದು ಕಾಲದ ವಿಧಿ. ಮಾರ್ಗಶಿರದ ಹುಣ್ಣಿಮೆಯಂದು ಜಮದಗ್ನಿ ಹತನಾದನೆಂದೂ ದೇವಿ ವಿಧವೆಯಾದಳೆಂದೂ ಭಾವಿಸಿ ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಜನ ಅದನ್ನು ರಂಡೆ ಹುಣ್ಣಿಮೆ ಎನ್ನುತ್ತಾರೆ. ಮಾಘದ ಭರತ ಹುಣ್ಣಿಮೆಯ ವೇಳೆಗೆ ದೇವಿ ಮತ್ತೆ ಮುತ್ತೈದೆ. ವರ್ಷಕ್ಕೊಮ್ಮೆ ಬಾಳು ಮುರಿಯುತ್ತದೆ, ವರ್ಷಕ್ಕೊಮ್ಮೆ ಕೂಡಿಕೊಳ್ಳುತ್ತದೆ. ತಮಿಳುನಾಡಿನ ಕನ್ನಡಿಗರಿಗೆ ಇದನ್ನು ಓದುವಾಗ ಕೂವಾಗಂ ಗ್ರಾಮದ ಕೂತಾಂಡವರ್ ಉತ್ಸವ ನೆನಪಾಗುವುದು ಸಹಜ. ಅಲ್ಲಿ ಚಿತ್ತಿರೈ ಮಾಸದ ಹುಣ್ಣಿಮೆಯ ವೇಳೆಗೆ, ತಮಿಳಿನಲ್ಲಿ ತಿರುನಂಗೈ ಎಂದು ಗೌರವದಿಂದ ಕರೆಯಲಾಗುವವರು ಅರವಾನನ ಹೆಸರಿನಲ್ಲಿ ತಾಳಿ ಕಟ್ಟಿಸಿಕೊಂಡು, ಮರುದಿನ ಅದನ್ನು ಹರಿದು ಬಿಳಿಯ ಸೀರೆ ಉಟ್ಟು ಗೋಳಾಡುತ್ತಾರೆ. ವ್ಯಾಸಭಾರತದಲ್ಲಿ ಈ ಇರಾವಂತನು ಅರ್ಜುನನಿಗೆ ಉಲೂಪಿಯಲ್ಲಿ ಹುಟ್ಟಿ ಯುದ್ಧದ ಎಂಟನೆಯ ದಿನ ರಾಕ್ಷಸನ ಕೈಯಲ್ಲಿ ಮಡಿದ ವೀರ; ಅವನು ಯುದ್ಧಕ್ಕೆ ಮೊದಲು ಬಲಿಯಾಗಲು ಒಪ್ಪಿದನೆಂಬುದೂ, ಹೆಣ್ಣಾದ ಕೃಷ್ಣನು ಒಂದು ರಾತ್ರಿಯ ಮಟ್ಟಿಗೆ ಅವನ ಹೆಂಡತಿಯಾದನೆಂಬುದೂ ತಮಿಳು ಪರಂಪರೆ ಸೇರಿಸಿದ ಮಾತು.

ಎರಡು ಕಡೆಯಲ್ಲಿಯೂ ವೈಧವ್ಯವೇ ಏಕೆ ಕೇಂದ್ರವಾಯಿತು? ಮದುವೆಯ ಸಂಭ್ರಮವನ್ನು ಲೋಕವು ಅನುಕರಣೆಯೆಂದು ನಕ್ಕು ತಳ್ಳಬಹುದು. ಅಳುವನ್ನು ಹಾಗೆ ತಳ್ಳುವುದು ಸುಲಭವಲ್ಲ. ಹೆಣ್ಣಿನ ಸುಖವನ್ನು ಮಾತ್ರವಲ್ಲ, ಹೆಣ್ಣಿನ ಮೇಲೆ ಸಮಾಜ ಹೇರಿದ ಅತ್ಯಂತ ಕಠಿನವಾದ ದುಃಖವನ್ನೂ ನಾನು ಹೊರುತ್ತೇನೆ ಎಂದು ಹೇಳುವವರ ಹೆಣ್ತನವನ್ನು ವೇಷವೆನ್ನಲು ನಾಲಗೆ ತಡವರಿಸುತ್ತದೆ. ಕರುಣರಸವು ಇಲ್ಲಿ ಪ್ರಮಾಣದ ಕೆಲಸವನ್ನು ಮಾಡುತ್ತದೆ.

೪

ಈ ಭಕ್ತಿಯ ಮೂಲದಲ್ಲಿರುವ ಕಥೆಯನ್ನೂ ವಿಮರ್ಶಕನು ಪರೀಕ್ಷಿಸಬೇಕು. ಮಹಾಭಾರತದ ವನಪರ್ವದಲ್ಲಿ ರೇಣುಕೆಯ ವೃತ್ತಾಂತ ಸಂಕ್ಷಿಪ್ತವಾಗಿದೆ. ನೀರಾಟದಲ್ಲಿದ್ದ ಚಿತ್ರರಥನನ್ನು ಕಂಡು ಅವಳ ಮನಸ್ಸು ಚಲಿಸಿತು. ಜಮದಗ್ನಿಯು ಅದನ್ನರಿತು ಮಕ್ಕಳಿಗೆ ತಾಯಿಯನ್ನು ಕೊಲ್ಲಲು ಹೇಳಿದನು. ರುಮಣ್ವಂತ, ಸುಷೇಣ, ವಸು, ವಿಶ್ವಾವಸು ಎಂಬ ನಾಲ್ವರೂ ಕೈಯೆತ್ತಲಿಲ್ಲ. ಅವರು ಮೃಗಪಕ್ಷಿಗಳಂತೆ ಜಡರಾಗಲೆಂದು ಋಷಿಯು ಶಪಿಸಿದನು. ಪರಶುರಾಮನು ಕೊಡಲಿಯನ್ನೆತ್ತಿದನು, ಅನಂತರ ಪಡೆದ ವರಗಳಿಂದ ತಾಯಿಯೂ ಬದುಕಿದಳು, ಅಣ್ಣಂದಿರೂ ಮೊದಲಿನಂತಾದರು. ವ್ಯಾಸರ ಕಥೆಯಲ್ಲಿ ಎಲ್ಲವೂ ತನ್ನ ಸ್ಥಾನಕ್ಕೆ ಮರಳುತ್ತದೆ.

ಎಲ್ಲಮ್ಮನ ಒಕ್ಕಲಿನ ಬಾಯಲ್ಲಿ ಬರುವ ಒಂದು ಪಾಠದಲ್ಲಿ ಶಾಪವೇ ಬೇರೆ. ಆ ನಾಲ್ವರು ಗಂಡಸುತನವನ್ನು ಕಳೆದುಕೊಂಡರು. ಜೋಗಪ್ಪಗಳು ಆ ಮಕ್ಕಳ ಪರಂಪರೆಯವರು. ಇಲ್ಲಿ ಅವರು ಮೊದಲಿನಂತಾದ ಮಾತಿಲ್ಲ. ಕಥೆ ಮುಗಿದ ಮೇಲೂ ಅವರು ಹಾಗೆಯೇ ಉಳಿದು, ತಾಯಿಯ ಬಳಿಯಲ್ಲಿ ನಿಂತರು.

ಈ ಒಂದು ಮಾರ್ಪಾಟಿನ ಧ್ವನಿ ಬಹು ದೂರ ಹೋಗುತ್ತದೆ. ಶಾಪವೆಂದೊಡನೆ ನಾವು ಪಾಪವನ್ನು ಹುಡುಕುತ್ತೇವೆ. ಆ ನಾಲ್ವರ ಪಾಪವೇನು? ತಾಯಿಯ ಕೊರಳಿಗೆ ಕೊಡಲಿ ಹಾಕಲಾರೆವೆಂದದ್ದು! ಪಿತೃವಾಕ್ಯಪರಿಪಾಲನೆಯನ್ನು ಕೊಂಡಾಡುವ ಪುರಾಣದೊಳಗೇ, ಆ ವಾಕ್ಯವನ್ನು ಪಾಲಿಸದವರ ಪರವಾಗಿ ಜನಪದವು ಒಂದು ಗುಟ್ಟಿನ ಸಾಕ್ಷ್ಯವನ್ನು ಹುದುಗಿಸಿಟ್ಟಿದೆ. ಗಂಡಸುತನವೆಂದರೆ ಕೊಡಲಿ ಎತ್ತುವ ಕೈ ಎಂದು ಋಷಿಯು ತಿಳಿದನು. ಎತ್ತದವರಿಂದ ಅದನ್ನು ಕಿತ್ತುಕೊಂಡನು. ಹೀಗೆ ಕಿತ್ತುಕೊಳ್ಳಲ್ಪಟ್ಟವರೇ ಮುಂದೆ ಆ ತಾಯಿಯ ಮೂರ್ತಿಯನ್ನು ತಲೆಯ ಮೇಲೆ ಹೊತ್ತು ತಿರುಗುವವರಾದರು. ಕೊಂದ ಮಗನು ಅವತಾರಪುರುಷನಾದನು. ಕೊಲ್ಲದ ಮಕ್ಕಳು ಭಿಕ್ಷುಕರಾದರು. ಜೋಗತಿ ಮೇಳದವರು ಎಲ್ಲಮ್ಮನ ಕಥೆಯನ್ನು ಆಡುವಾಗ, ಲೋಕವು ಹೆಣ್ಣೆಂದು ಒಪ್ಪದ ವ್ಯಕ್ತಿಯೇ ರೇಣುಕೆಯಾಗಿ ಬಂದು ನಿಂತರೆ, ಈ ಎರಡು ಅನ್ಯಾಯಗಳೂ ಒಂದೇ ರಂಗದ ಮೇಲೆ ಮುಖಾಮುಖಿಯಾಗುತ್ತವೆ. ಇಂಥ ನಾಟಕೀಯ ಸಾಂದ್ರತೆಯನ್ನು ಲಿಖಿತ ಸಾಹಿತ್ಯದಲ್ಲಿ ಕಂಡು ಮೆಚ್ಚುವ ನಾವು ಆಡುವ ಸಾಹಿತ್ಯದಲ್ಲಿ ಕಾಣದೆ ಹೋಗುವುದು ನಮ್ಮ ದೃಷ್ಟಿಯ ಕೊರತೆಯೇ ಹೊರತು ಆ ಕಲೆಯ ಕೊರತೆಯಲ್ಲ.

೫

ಈಗ ಮತ್ತೆ ಆತ್ಮಕಥೆಯ ಕಡೆಗೆ ಬರೋಣ. ಇಲ್ಲಿ ಉಪಾಧ್ಯಾಯರಿಗೆ ವಿಶೇಷವಾಗಿ ಪ್ರಿಯವಾಗಬಹುದಾದ ಒಂದು ವ್ಯಾಕರಣವಿಚಾರವಿದೆ.

ಸಂಸ್ಕೃತದಲ್ಲಿ ಲಿಂಗವು ಶಬ್ದಕ್ಕೆ ಸೇರಿದ್ದು. ಹೆಂಡತಿ ಎಂಬ ಒಂದೇ ಅರ್ಥದಲ್ಲಿ ಭಾರ್ಯಾ ಎಂಬುದು ಸ್ತ್ರೀಲಿಂಗ, ದಾರ ಎಂಬುದು ಪುಲ್ಲಿಂಗ, ಕಲತ್ರ ಎಂಬುದು ನಪುಂಸಕಲಿಂಗ. ಕನ್ನಡದಲ್ಲಿ ಹಾಗಲ್ಲ, ಇಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಆದುದರಿಂದ ಕನ್ನಡದಲ್ಲಿ ಒಬ್ಬ ವ್ಯಕ್ತಿಯನ್ನು ಕುರಿತು ಪ್ರಥಮಪುರುಷದ ಏಕವಚನದಲ್ಲಿ ಮಾತಾಡಬೇಕಾದರೆ, ಬಂದನು ಎನ್ನುವುದೋ ಬಂದಳು ಎನ್ನುವುದೋ ಎಂದು ಮೊದಲೇ ತೀರ್ಮಾನಿಸಬೇಕು. ಬಂದಿತು ಎಂದರೆ ಅವಮಾನ. ಜೋಗತಿಯರನ್ನು ಕುರಿತು ಬರೆಯಲು ಹೊರಟವರು ಮೊದಲ ವಾಕ್ಯದ ಕ್ರಿಯಾಪದದಲ್ಲಿಯೇ ಎಡವುವುದು ಇದರಿಂದ.

ಉತ್ತಮಪುರುಷದಲ್ಲಾದರೋ ಈ ತೊಡಕು ಮಾಯವಾಗುತ್ತದೆ. 'ನಾನು ಬಂದೆನು' ಎಂಬಲ್ಲಿ ಗಂಡಿನ ಗುರುತೂ ಇಲ್ಲ, ಹೆಣ್ಣಿನ ಗುರುತೂ ಇಲ್ಲ. ಹೆಸರಿನಲ್ಲಿ 'ಪುರುಷ' ಎಂದಿದ್ದರೂ ಕ್ರಿಯಾಪದಕ್ಕೆ ಪುರುಷನ ಹಂಗಿಲ್ಲ. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಬಂಧುಗಳಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಏಕೆಂದರೆ ಮರಾಠಿಯಲ್ಲಿ ತನ್ನ ಕುರಿತೇ ಹೇಳಿಕೊಳ್ಳುವಾಗಲೂ ಗಂಡಾದರೆ 'ಗೇಲೋ' ಎನ್ನಬೇಕು, ಹೆಣ್ಣಾದರೆ 'ಗೇಲೇ' ಎನ್ನಬೇಕು. ಅಲ್ಲಿ ಆತ್ಮಕಥೆ ಬರೆಯುವ ಜೋಗತಿಯು ಬಾಲ್ಯದಿಂದ ಮುಂದಿನ ಬಾಳಿಗೆ ದಾಟುವಾಗ ಯಾವ ಪುಟದಲ್ಲಿ ಪ್ರತ್ಯಯವನ್ನು ಬದಲಿಸಬೇಕೆಂಬ ಪ್ರಶ್ನೆಯನ್ನು ಎದುರಿಸಲೇಬೇಕು. ತೆಲುಗು, ತಮಿಳುಗಳಲ್ಲಿ ಉತ್ತಮಪುರುಷವು ಕನ್ನಡದಂತೆಯೇ ನಿರ್ಲಿಂಗವಾದುದು. ಮಲಯಾಳದ ಕ್ರಿಯಾಪದಕ್ಕಂತೂ ಲಿಂಗದ ಪ್ರತ್ಯಯವೇ ಇಲ್ಲವೆಂಬುದು ಕಾಸರಗೋಡಿನವರಿಗೆ ಗೊತ್ತಿರುವ ವಿಷಯ.

ಹೀಗೆ, ಕಲ್ಲುಕಂಬದ ಬಾಲಕನೆಂದು ಊರು ತಿಳಿದಿದ್ದ ಕಾಲವನ್ನೂ, ಹುಲಿಗಿಯಲ್ಲಿ ಮುತ್ತು ಕಟ್ಟಿಸಿಕೊಂಡ ಮೇಲಿನ ಕಾಲವನ್ನೂ ಒಂದೇ ಕ್ರಿಯಾಪದದಲ್ಲಿ ಹೇಳುವ ಅನುಕೂಲ ಕನ್ನಡದ ಆತ್ಮಕಥೆಗೆ ಇದೆ. ಹೇಳುವ 'ನಾನು' ಎರಡಾಗಿ ಒಡೆಯುವುದಿಲ್ಲ. ದಾಸಿಮಯ್ಯನು ನಡುವೆ ಸುಳಿವ ಆತ್ಮನನ್ನು ತತ್ತ್ವದಲ್ಲಿ ಕಂಡನು. ಕನ್ನಡ ನುಡಿಯು ಅದನ್ನು ತನ್ನ ಉತ್ತಮಪುರುಷದ ಪ್ರತ್ಯಯದಲ್ಲಿಯೇ ಇಟ್ಟುಕೊಂಡಿದೆ.

ಇಂಥ ಅನುಕೂಲವಿದ್ದೂ ಪುಸ್ತಕದ ಹೆಸರು 'ಹೆಣ್ಣು' ಎಂದು ಆರಿಸಿಕೊಂಡಿತು. ಒಳಗೆ ಮರೆಯಲ್ಲಿರಬಹುದಾಗಿದ್ದರೂ ಹೊರಗೆ ಹೆಸರು ಹೇಳಿತು. ಇದೇ ಈ ಕೃತಿಯ ಕೇಂದ್ರವೆಂದು ನನ್ನ ಭಾವನೆ. ಆತ್ಮಕ್ಕೆ ಲಿಂಗವಿಲ್ಲವೆಂಬ ಮಾತು ಸತ್ಯವೇ ಇರಬಹುದು. ಆದರೆ ಆ ಸತ್ಯವು, ಹೆಣ್ಣೆಂದು ಎಲ್ಲರೂ ಒಪ್ಪಿದವರಿಗೂ ಗಂಡೆಂದು ಎಲ್ಲರೂ ಒಪ್ಪಿದವರಿಗೂ ಬಿಡುಗಡೆಯಾಗಿ ಕಾಣುತ್ತದೆ. ಯಾರನ್ನು ಲೋಕವು ಒಂದು ಕಡೆಯಲ್ಲಿಯೂ ನಿಲ್ಲಗೊಡಲಿಲ್ಲವೋ ಅವರಿಗೆ 'ನೀನು ಎರಡೂ ಅಲ್ಲ' ಎಂಬುದು ಬಿಡುಗಡೆಯ ಮಾತಲ್ಲ. ದಿನವೂ ಕೇಳಿದ ಬೈಗುಳ. ಇದ್ದುದನ್ನು ಬಿಡುವುದು ವೈರಾಗ್ಯ. ಎಂದೂ ಕೊಡದಿದ್ದುದನ್ನು ಬಿಡು ಎನ್ನುವುದು ಉಪದೇಶವಾಗಲಾರದು. ಆದ್ದರಿಂದಲೇ ಜೋಗತಿಯು ಮೊದಲು ಹೆಣ್ಣೆಂಬ ಹೆಸರನ್ನು ಕೇಳುತ್ತಾಳೆ.

೬

ಇಷ್ಟನ್ನು ಒಪ್ಪಿದ ವಾಚಕರಲ್ಲಿಯೂ ಒಂದು ಆಕ್ಷೇಪಣೆ ಉಳಿದಿರಬಹುದು. ಮುತ್ತು ಕಟ್ಟುವ ಪದ್ಧತಿಯು ಎಷ್ಟೋ ಬಡ ಹೆಣ್ಣುಮಕ್ಕಳ ಬಾಳನ್ನು ಹಾಳುಮಾಡಿತು. ಕರ್ನಾಟಕ ಸರಕಾರವು ೧೯೮೨ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನನ್ನೇ ಮಾಡಬೇಕಾಯಿತು. ಅಂಥ ಪದ್ಧತಿಯೊಳಗಿನ ಭಕ್ತಿಯನ್ನು ಕಾವ್ಯವೆಂದು ಓದುವುದು ಸರಿಯೇ?

ಆಕ್ಷೇಪಣೆ ನ್ಯಾಯವಾದುದು. ಮರಾಠಿ ಸಾಹಿತ್ಯವು ಈ ಮುಖವನ್ನು ನಿಷ್ಠುರವಾಗಿ ನೋಡಿದೆ. ರಾಜನ್ ಗವಸ್ ಅವರ 'ಚೌಂಡಕ', 'ಭಂಡಾರಭೋಗ' ಕಾದಂಬರಿಗಳು ಎಲ್ಲಮ್ಮನಿಗೆ ಬಿಟ್ಟ ಜೋಗತಿಣಿ, ಜೋಗತ್ಯರ ಬಾಳಿನ ದಾರುಣತೆಯನ್ನು ವಸ್ತುವಾಗಿ ಮಾಡಿಕೊಂಡವು. ಅವುಗಳ ಆಧಾರದ ಮೇಲೆ ೨೦೦೯ರಲ್ಲಿ 'ಜೋಗವಾ' ಎಂಬ ಚಲಚ್ಚಿತ್ರವೂ ಬಂದಿತು. ಅಲ್ಲಿ ಸೀರೆಯು ಇಷ್ಟವಿಲ್ಲದವನ ಮೇಲೆ ಊರು ಹೊದಿಸಿದ ಬಲೆ. ಅಂಥ ಬಾಳುಗಳೂ ಇದ್ದವೆಂಬುದರಲ್ಲಿ ಸಂದೇಹವಿಲ್ಲ. ಅದೇ ಸೀರೆಯು ಮಂಜಮ್ಮನವರಂಥವರಿಗೆ ತಾವಾಗಿಯೇ ಬಯಸಿದ ಉಡುಗೆಯಾಗಿತ್ತು. ಬಟ್ಟೆ ಒಂದೇ, ಉಟ್ಟವರ ಇಚ್ಛೆ ಬೇರೆ. ಎರಡು ಕಥೆಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಸುಳ್ಳೆನ್ನುವ ವಿಮರ್ಶೆ ಎರಡಕ್ಕೂ ದ್ರೋಹ ಬಗೆದಂತೆ.

ಜೋಗತಿಯ ಭಕ್ತಿಯು ಕೊಟ್ಟ ಆಸರೆಯಲ್ಲಿಯೂ ಒಂದು ಕಟ್ಟಳೆ ಅಡಗಿದೆ. ಮಗನ ಹೆಣ್ತನವನ್ನು ಮನೆಯು ಮನೆಯದೆಂದು ಒಪ್ಪಲಿಲ್ಲ, ದೇವಿಯದೆಂದು ಒಪ್ಪಿತು. ಒಪ್ಪಿ, ದೇವಿಗೇ ಕೊಟ್ಟು, ಕೈತೊಳೆದುಕೊಂಡಿತು. ಮುತ್ತು ಕಟ್ಟಿದ ಮೇಲೆ ಬಾಗಿಲಿಗೆ ಬಂದ ಜೋಗತಿಗೆ ಮುತ್ತೈದೆಯರು ಉಡಿ ತುಂಬುತ್ತಾರೆ, ಹಣೆಗೆ ಬಂಡಾರ ಹಚ್ಚಿಸಿಕೊಳ್ಳುತ್ತಾರೆ; ಒಳಗೆ ಕರೆದು ಎಲೆ ಹಾಕುವವರು ವಿರಳ. ಪೂಜ್ಯತೆಯು ಹೊಸ್ತಿಲವರೆಗೆ ಮಾತ್ರ. ದೇವರ ಕರೆ ಬಂದಿಲ್ಲವೆನ್ನುವ, ಭಕ್ತಿಯ ಭಾಷೆ ತನ್ನದಲ್ಲವೆನ್ನುವ ಇನ್ನೊಬ್ಬ ವ್ಯಕ್ತಿಗೆ ಆ ಹೊಸ್ತಿಲೂ ಇಲ್ಲ. ಮನುಷ್ಯನಾಗಿ ದೊರೆಯಬೇಕಾದ ಮರ್ಯಾದೆಯನ್ನು ಪಡೆಯಲು ಒಬ್ಬರು ದೇವತೆಯಾಗಬೇಕಾಗಿ ಬರುವುದು ಭಕ್ತಿಯ ಮಹಿಮೆಗೆ ಸಾಕ್ಷಿಯಾಗಿರುವಂತೆ ಸಮಾಜದ ಜಿಪುಣತನಕ್ಕೂ ಸಾಕ್ಷಿ. ೨೦೧೪ರ ಏಪ್ರಿಲ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ಇಂಥವರ ಲಿಂಗಭಾವವನ್ನು ಸಂವಿಧಾನದ ಹಕ್ಕುಗಳ ಬೆಳಕಿನಲ್ಲಿ ಮನ್ನಿಸಿ ತೀರ್ಪಿತ್ತಾಗ, ದೇವಿಯ ಹಂಗಿಲ್ಲದೆಯೂ ಈ ಮಾತನ್ನು ಆಡಬಹುದೆಂದು ದೇಶದ ಕಾನೂನು ಮೊದಲ ಬಾರಿಗೆ ಸ್ಪಷ್ಟವಾಗಿ ಹೇಳಿದಂತಾಯಿತು.

ಹಾಗಾದರೆ ಭಕ್ತಿಯ ಪಾಲು ಏನು? ಮಂಜಮ್ಮನವರ ಬಾಳಿನಿಂದಲೇ ಉತ್ತರ ದೊರೆಯುತ್ತದೆ. ಮನ್ನಣೆ ಬರುವ ಮುನ್ನ ಭಿಕ್ಷೆ, ವಿಷಪ್ರಾಶನ, ಹಲ್ಲೆ ಎಲ್ಲವನ್ನೂ ಅವರು ಕಂಡವರು. ದಾವಣಗೆರೆಯ ಬಸ್ಸು ನಿಲ್ದಾಣದಲ್ಲಿ ತಂದೆ ಹಾಡುತ್ತ, ಮಗ ಕೊಡ ಹೊತ್ತು ಕುಣಿಯುತ್ತಿದ್ದುದನ್ನು ಕಂಡು ಆ ಕಲೆಯನ್ನು ಕಲಿತರು. ಮುಂದೆ ಕಾಳವ್ವ ಜೋಗತಿಯವರ ಮೇಳವನ್ನು ಸೇರಿದರು. ಮುತ್ತು ಅವರಿಗೆ ಹೆಸರು ಕೊಟ್ಟಿತು. ಕೊಡವು ಕಾಯಕ ಕೊಟ್ಟಿತು. ಹೆಸರು ಮಾತ್ರವಿದ್ದಾಗ ಸಾಯಬೇಕೆನ್ನಿಸಿದ ಬಾಳು, ಕಾಯಕ ಕೂಡಿದ ಮೇಲೆ ನಿಂತುಕೊಂಡಿತು. ಕಾಯಕವನ್ನು ಕೈಲಾಸವೆಂದ ನಾಡಿನಲ್ಲಿ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

೨೦೨೧ರ ನವೆಂಬರ್ ೯ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಲು ಹೋದ ಮಂಜಮ್ಮನವರು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಮುಂದೆ ನಿಂತು, ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದರು. ಅದನ್ನು ಮುಗ್ಧವಾದ ಹಳ್ಳಿಯ ನಡವಳಿಕೆಯೆಂದು ಬಣ್ಣಿಸಿಬಿಡಬಹುದು. ಅದು ಅಷ್ಟೇ ಅಲ್ಲ. ದೃಷ್ಟಿ ತೆಗೆಯುವುದು ತಾಯಿಯ, ಅಕ್ಕನ, ಮುತ್ತೈದೆಯ ಅಧಿಕಾರ. ಬೇಡುವವರು ದೃಷ್ಟಿ ತೆಗೆಯುವುದಿಲ್ಲ, ಹರಸುವವರು ತೆಗೆಯುತ್ತಾರೆ. ಪ್ರಶಸ್ತಿ ಪಡೆಯಲು ಬಂದವರು ಕೊಡುವವರಾಗಿ ಹಿಂತಿರುಗಿದರು. ಸೆರಗು ಅಲ್ಲಿ 'ಹೆಣ್ಣು' ಎಂಬ ಪದವನ್ನು ಒಂದೇ ಬೀಸಿನಲ್ಲಿ ಬರೆಯಿತು.

೭

ಮೂರು ಪಾಠಗಳನ್ನೂ ಈಗ ಒಟ್ಟಿಗೆ ಇಟ್ಟು ನೋಡಬಹುದು. ದಾಸಿಮಯ್ಯನು ಎರಡೂ ಅಲ್ಲವೆಂದನು. ಗೊಗ್ಗವ್ವೆಯು ಯಾವುದು ಎಂದು ಕೇಳಿದಳು. ಜೋಗತಿಯು ಹೆಣ್ಣು ಎಂದು ಉತ್ತರ ಕೊಟ್ಟಳು. ಮೂರನೆಯದು ಮೊದಲನೆಯದನ್ನು ಅಳಿಸುವುದಿಲ್ಲ. ಅದನ್ನು ಹೇಳುವ ಅರ್ಹತೆ ನಮಗೆ ಯಾವಾಗ ಬರುತ್ತದೆಂಬುದನ್ನು ತಿಳಿಸುತ್ತದೆ. ಪ್ರತಿಯೊಬ್ಬರಿಗೂ ಅವರವರು ಕೇಳಿದ ಹೆಸರನ್ನು ಕೊಟ್ಟ ಮೇಲೆ ಹೆಸರುಗಳನ್ನು ಮೀರುವ ಮಾತು ಶೋಭಿಸುತ್ತದೆ.

ಉಪಾಧ್ಯಾಯ ಬಂಧುಗಳು ಈ ವಚನವನ್ನು ಬೋಧಿಸುವ ತರಗತಿಗಳಲ್ಲಿ, ನಡೆನುಡಿಯಲ್ಲಿ ಓರಗೆಯವರಂತಿಲ್ಲದ ವಿದ್ಯಾರ್ಥಿಯೊಬ್ಬ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತಿರಬಹುದು. ಆತ್ಮಕ್ಕೆ ಲಿಂಗವಿಲ್ಲವೆಂದು ಕಪ್ಪುಹಲಗೆಯ ಮೇಲೆ ಬರೆದು ಗಂಟೆ ಹೊಡೆದೊಡನೆ, ಅಂಗಳದಲ್ಲಿ ಅದೇ ಮಗುವನ್ನು ಅಡ್ಡಹೆಸರಿನಿಂದ ಕೂಗುವ ಧ್ವನಿಗಳು ಕೇಳಿದರೆ, ಆ ದಿನದ ಪಾಠ ನಡೆದಿಲ್ಲವೆಂದೇ ತಿಳಿಯಬೇಕು. ಅಂಥ ಮಗುವಿಗೆ ಮುತ್ತು ಕಟ್ಟಬೇಕಾಗಿಲ್ಲ, ಊರು ಬಿಡಬೇಕಾಗಿಲ್ಲ. ಶಾಲೆಯಲ್ಲಿ ಉಳಿದುಕೊಳ್ಳುವಷ್ಟು ಮರ್ಯಾದೆ ದೊರೆತರೆ ಸಾಕು.

ಆ ಮರ್ಯಾದೆಯ ಮಾತು ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಬಂದನು, ಬಂದಳು ಎಂಬ ಏಕವಚನದಲ್ಲಿ ಎರಡಾಗಿ ನಿಲ್ಲುವ ಲಿಂಗಭೇದವು, 'ಬಂದರು' ಎಂದು ಗೌರವದಿಂದ ನುಡಿದೊಡನೆ ಇಲ್ಲವಾಗುತ್ತದೆ. ನಮ್ಮ ಭಾಷೆಯಲ್ಲಿ ಗೌರವಕ್ಕೆ ಲಿಂಗವಿಲ್ಲ. ದಾಸಿಮಯ್ಯನ ವಚನಕ್ಕೆ ಇದಕ್ಕಿಂತ ಸುಲಭವಾದ ಟೀಕೆಯನ್ನು ನಾನು ಕಾಣೆ. ಅದನ್ನು ಮಕ್ಕಳಿಗೆ ಮೊದಲ ವ್ಯಾಕರಣಪಾಠದಲ್ಲಿಯೇ ಹೇಳಿಕೊಡಬಹುದು.